ಕಮ್ಮಿ ರೇಟಿನ ರಿವಾಲ್ವರು: ಕೈಯಿಂದ ಕೈಗೆ ಬಂದ ಕೋವಿಗಳ ಕಥೆ

ಈ ಸಲ ಕೊನೆಕೊಯ್ಲು, ಕೊಳೆರೋಗ ಎಲ್ಲ ಪಕ್ಕಕ್ಕಿಟ್ಟು ಬೇರೆ ವಿಷಯ ಬರೀತಾ ಇದೀನಿ. ಬಹಳ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಮ್ಮ ಸುತ್ತಮುತ್ತ ಎರಡು ತಿಂಗಳಿಂದ ಒಂದು ಮಾತು ಓಡಾಡ್ತಾ ಇದೆ. ಯಾರೋ ಒಬ್ಬನ ಹತ್ರ ಸೆಕೆಂಡ್ ಹ್ಯಾಂಡ್ ರಿವಾಲ್ವರು ಇದೆಯಂತೆ, ಫಾರಿನ್ನಿದಂತೆ, ಮಿಲ್ಟ್ರಿ ಮಾಲಂತೆ, ಇಪ್ಪತ್ತೈದು ಸಾವಿರಕ್ಕೆ ಕೊಡ್ತಾನಂತೆ. ಅಡಿಕೆಗೆ ರೇಟು ಬಂದಮೇಲೆ ಅಂಗಳದಲ್ಲಿ ಒಣಗಿಸಿದ್ದು ರಾತ್ರೋರಾತ್ರಿ ಮಾಯ ಆಗ್ತಾ ಇರೋದರಿಂದ ಜನಕ್ಕೆ ಹೆದರಿಕೆ ಇದೆ, ಅದು ಸುಳ್ಳಲ್ಲ. ಮನೇಲಿ ವಯಸ್ಸಾದವರು ಇಬ್ಬರೇ ಇರೋ ಒಂಟಿಮನೆಗಳು ಎಷ್ಟಿವೆ ನಮ್ಮಲ್ಲಿ, ಎಣಿಸಿ ನೋಡಿ. ಅಪ್ಪನ ಕಾಲದಿಂದ ನಮ್ಮನೇಲಿ ಲೈಸೆನ್ಸ್ ಕೋವಿ ಇದೆ ಅಂತ ನಾಲ್ಕು ಜನ ನನ್ನನ್ನೇ ಕೇಳಿದ್ರು, ತಗೋಬಹುದಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೆದುಬಿಡೋಣ ಅಂತ ಕೂತೆ. ಬರೀ ಬೇಡ ಅಂದ್ರೆ ಯಾರೂ ಕೇಳಲ್ಲ. ಈ ಕಮ್ಮಿ ರೇಟಿನ ರಿವಾಲ್ವರು ಅನ್ನೋದಕ್ಕೆ ಜಗತ್ತಿನಲ್ಲಿ ಒಂದು ಚರಿತ್ರೆ ಇದೆ. ಅದನ್ನ ಹೇಳ್ತೀನಿ, ಆಮೇಲೆ ನಮ್ಮ ದೇಶಕ್ಕೆ ಬರೋಣ.

ಮೊದಲು ವಸ್ತು ಏನು ಅಂತ. ನಮ್ಮ ಕೇಪಿನ ಕೋವಿಗೆ ಒಂದು ಈಡು ಹೊಡೆದರೆ ಮತ್ತೆ ಮದ್ದು ಹಾಕಿ, ನಾರು ಗಿಡಿದು, ಚರೆ ಹಾಕಿ, ಕೇಪು ಇಡಬೇಕು. ಅಷ್ಟೊತ್ತಿಗೆ ಹಂದಿ ಮೂರನೇ ತೋಟ ದಾಟಿರುತ್ತೆ. ರಿವಾಲ್ವರಿನಲ್ಲಿ ನಳಿಗೆಯ ಹಿಂದೆ ಒಂದು ಉರುಳೆ ಇರುತ್ತೆ, ಅದರಲ್ಲಿ ಆರು ಮನೆ. ಕುದುರೆ ಎಳೆದಾಗ ಉರುಳೆ ಒಂದು ಮನೆಯಷ್ಟು ತಿರುಗಿ ಮುಂದಿನ ತೋಟಾ ನಳಿಗೆಗೆ ನೇರ ಬಂದು ನಿಲ್ಲುತ್ತೆ. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಇದಕ್ಕೆ ಪೇಟೆಂಟ್ ತಗೊಂಡ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವೆಬ್ಲಿ ಅನ್ನೋ ಕಂಪನಿ ನಡುವೆ ಮಡಚೋ ಥರದ್ದು ಮಾಡಿತು, 1887ರಿಂದ ಬ್ರಿಟಿಷ್ ಸೈನ್ಯದವರ ಸೊಂಟದಲ್ಲಿ ಅದೇ ಇರ್ತಿತ್ತು. ಹಳೇ ಸಿನಿಮಾದಲ್ಲಿ ದೊರೆಗಳು ಹಿಡಿದಿರ್ತಾರಲ್ಲ, ಅದು. ನಳಿಗೆ ಗಿಡ್ಡ ಆದ್ದರಿಂದ ಹತ್ತಿಪ್ಪತ್ತು ಅಡಿ ಆಚೆಗೆ ಪಳಗಿದ ಕೈ ಇಲ್ಲದಿದ್ದರೆ ಗುರಿ ಸಿಗೋದು ಕಷ್ಟ. ಹಂದಿಗೆ, ಮಂಗಕ್ಕೆ ಇದು ಏನಕ್ಕೂ ಬಾರದ ವಸ್ತು. ಮನುಷ್ಯ ಮನುಷ್ಯನನ್ನ ಹತ್ತಿರದಿಂದ ಹೊಡೆಯೋಕೆ ಮಾಡಿದ್ದು, ಅಷ್ಟೇ.

ಈಗ ಕಥೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಆಯುಧ ಸಾಕಾಗಲಿಲ್ಲ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆಯಲ್ಲಿ ಯುದ್ಧಕ್ಕೆ ಅಂತಲೇ ಲಕ್ಷಗಟ್ಟಲೆ ರಿವಾಲ್ವರು ಮಾಡಿತು. ವಿಕ್ಟರಿ ಮಾಡೆಲ್ ಅಂತ ಹೆಸರು, ನಂಬರಿನ ಹಿಂದೆ ಇಂಗ್ಲಿಷಿನ ವಿ ಅಕ್ಷರ. ಹೊಳಪಿಲ್ಲ, ಅಲಂಕಾರ ಇಲ್ಲ, ಬೂದಿ ಬಣ್ಣ. ಅದರಲ್ಲಿ ಬಹಳಷ್ಟನ್ನ ಹಡಗಿನಲ್ಲಿ ಬ್ರಿಟನ್ನಿಗೆ ಕಳಿಸಿದ್ರು. ಯುದ್ಧ ಮುಗೀತು. ಸರ್ಕಾರದ ಗೋದಾಮಿನಲ್ಲಿ ರಾಶಿ ಬಿದ್ದ ಮಾಲನ್ನ ವ್ಯಾಪಾರಿಗಳು ಸಗಟಾಗಿ ಎತ್ತಿಕೊಂಡು ವಾಪಸ್ ಅಮೆರಿಕಕ್ಕೇ ತಂದ್ರು. ಬ್ರಿಟಿಷರ ಮೂವತ್ತೆಂಟರ ತೋಟಾ ಬೇರೆ, ಅಮೆರಿಕದಲ್ಲಿ ಅಂಗಡಿ ಅಂಗಡಿಯಲ್ಲಿ ಸಿಗೋ ಮೂವತ್ತೆಂಟು ಸ್ಪೆಷಲ್ ತೋಟಾ ಬೇರೆ. ಬ್ರಿಟಿಷರದ್ದು ಗಿಡ್ಡ, ಸ್ವಲ್ಪ ದಪ್ಪ. ಅಮೆರಿಕದ್ದು ಉದ್ದ, ಸ್ವಲ್ಪ ಸಣ್ಣ. ವ್ಯಾಪಾರಿಗಳು ಉರುಳೆಯ ಮನೆಗಳನ್ನ ಇನ್ನಷ್ಟು ಉದ್ದ ಕೊರೆಸಿದ್ರು. ಐದಿಂಚಿನ ನಳಿಗೆಯನ್ನ ಕತ್ತರಿಸಿ ಎರಡೂಕಾಲು ಇಂಚು ಮಾಡಿದ್ರು, ಜೇಬಿನಲ್ಲಿ ಕೂರಲಿ ಅಂತ. ಕತ್ತರಿಸಿದ ನಳಿಗೆ ಮೇಲೆ ಹೊಸ ಗುರಿಮಣಿ ಕೂರಿಸಿದ್ರು. ಪತ್ರಿಕೆಯಲ್ಲಿ ಜಾಹೀರಾತು: 29 ಡಾಲರ್ 95 ಸೆಂಟ್ಸು. ಆಗಿನ ಲೆಕ್ಕದಲ್ಲಿ ನಮ್ಮ ದುಡ್ಡು ನೂರ ನಲವತ್ತು ಚಿಲ್ಲರೆ ರೂಪಾಯಿ.

ಕೂಪನ್ ತುಂಬಿ ಕಳಿಸಿದರೆ ಮನೆಗೆ ಪಾರ್ಸಲ್ಲು. ನಾವು ಈಗ ದೋಟಿ, ಸ್ಪ್ರೇಯರ್ ತರಿಸ್ಕೋತೀವಲ್ಲ ಹಾಗೆ.

1963ರಲ್ಲಿ ಲಾಸ್ ಏಂಜಲೀಸಿನ ಸೀಪೋರ್ಟ್ ಟ್ರೇಡರ್ಸ್ ಅನ್ನೋ ಅಂಗಡಿಗೆ ಅಂಥ ಒಂದು ಕೂಪನ್ ಬಂತು. ಜನವರಿ 27ರ ತಾರೀಖು, ಎ.ಜೆ. ಹಿಡೆಲ್ ಅನ್ನೋ ಹೆಸರು, ಡಲ್ಲಾಸ್ ಊರಿನ ಒಂದು ಪೋಸ್ಟ್ ಬಾಕ್ಸ್ ವಿಳಾಸ. ಜೊತೆಗೆ ಹತ್ತು ಡಾಲರ್ ನಗದು. ಮಾರ್ಚ್ 20ರಂದು ಅಂಗಡಿಯವರು ಮಾಲು ಕಳಿಸಿದ್ರು, ಬಾಕಿ 19 ಡಾಲರ್ 95 ಸೆಂಟ್ಸಿನ ಮೇಲೆ ಸಾಗಣೆ ಖರ್ಚು 1 ಡಾಲರ್ 27 ಸೆಂಟ್ಸು, ಕೈಗೆ ಬಂದಾಗ ಕೊಡಬೇಕು. ಕೂಪನ್ನಿನಲ್ಲಿ ಸಾಕ್ಷಿಯವರ ಹೆಸರು ಬರೆಯೋ ಜಾಗ ಕೂಡ ಇತ್ತು. ಅಲ್ಲೂ ಒಂದು ಸುಳ್ಳು ಹೆಸರು. ಯಾರೂ ವಿಚಾರಿಸಲಿಲ್ಲ. ಮುಖ ನೋಡದೆ, ಗುರುತು ಕೇಳದೆ ಆರು ಗುಂಡಿನ ಆಯುಧ ಒಬ್ಬನ ಕೈಗೆ ಹೋಯ್ತು. ಅವನ ನಿಜವಾದ ಹೆಸರು ಲೀ ಹಾರ್ವೆ ಓಸ್ವಾಲ್ಡ್. ಅದೇ ಸುಳ್ಳು ಹೆಸರಿನಲ್ಲಿ ಶಿಕಾಗೋದ ಇನ್ನೊಂದು ಅಂಗಡಿಯಿಂದ ಇಟಲಿ ಸೈನ್ಯದ ಹಳೇ ರೈಫಲ್ಲನ್ನೂ ತರಿಸಿಕೊಂಡ. ದುರ್ಬೀನು ಸಮೇತ ಅದಕ್ಕೆ ಅಂಚೆ ಖರ್ಚು ಸೇರಿ ಬರೀ 21 ಡಾಲರ್ 45 ಸೆಂಟ್ಸು.

ಅದೇ ವರ್ಷ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಸತ್ತದ್ದು ಆ ರೈಫಲ್ಲಿನಿಂದ. ಆಗಿ ಮುಕ್ಕಾಲು ಗಂಟೆಯೊಳಗೆ ರಸ್ತೆಯಲ್ಲಿ ಇವನನ್ನ ತಡೆದು ಮಾತಾಡಿಸಿದ ಟಿಪ್ಪಿಟ್ ಅನ್ನೋ ಪೊಲೀಸಿನವನು ಸತ್ತದ್ದು ಈ ರಿವಾಲ್ವರಿನಿಂದ. ಒಂದು ಸಿನಿಮಾ ಥಿಯೇಟರಿನಲ್ಲಿ ಹಿಡಿದಾಗ ರಿವಾಲ್ವರು ಓಸ್ವಾಲ್ಡನ ಹತ್ರವೇ ಇತ್ತು.

ಇದರಲ್ಲಿ ನನಗೆ ವಿಚಿತ್ರ ಅನಿಸಿದ್ದು ಆಮೇಲಿನ ವಿಚಾರ. ತನಿಖೆ ಆಯೋಗದ ವರದಿಯಲ್ಲಿ ಇದೆ. ಟಿಪ್ಪಿಟ್ ಮೈಯಲ್ಲಿ ಸಿಕ್ಕ ನಾಲ್ಕು ಗುಂಡು ಈ ರಿವಾಲ್ವರಿನಿಂದಲೇ ಬಂದದ್ದು ಅಂತ ಗುಂಡು ನೋಡಿ ಖಚಿತ ಹೇಳೋಕೆ ಆ ಸಂಸ್ಥೆಯ ತಜ್ಞರಿಗೆ ಆಗಲಿಲ್ಲ. ಯಾಕೆ? ನಳಿಗೆ ಬ್ರಿಟಿಷರ ದಪ್ಪ ಗುಂಡಿಗೆ ಮಾಡಿದ್ದು, ಹೋದದ್ದು ಸಣ್ಣ ಗುಂಡು. ಸಡಿಲ ಪೈಪಿನಲ್ಲಿ ಹೋದ ಹಾಗೆ ಅಲ್ಲಾಡ್ಕೊಂಡು ಹೋಗಿ ನಳಿಗೆಯ ಗೀರು ಒಂದೇ ಥರ ಬೀಳಲಿಲ್ಲ. ಕೊನೆಗೆ ದಾರಿಯಲ್ಲಿ ಬಿದ್ದಿದ್ದ ನಾಲ್ಕು ಖಾಲಿ ತೋಟಾ ಚಿಪ್ಪಿನ ಮೇಲಿನ ಗುರುತಿನಿಂದ ಈ ರಿವಾಲ್ವರೇ ಅಂತ ತೀರ್ಮಾನ ಆಯ್ತು. ಕಮ್ಮಿ ಖರ್ಚಿನಲ್ಲಿ ಮಾರ್ಪಾಡು ಮಾಡಿದ ಕೋವಿಯ ಗುಣ ಅದು. ಮನೆ ಅಗಲ, ತೋಟಾ ಸಣ್ಣ ಆದ್ರೆ ಚಿಪ್ಪು ಹೊಟ್ಟೆ ಊದಿಕೊಳ್ಳುತ್ತೆ. ಗುಂಡು ಹೋಗುತ್ತೆ, ನಾವು ಅಂದುಕೊಂಡ ಕಡೆಗೇ ಹೋಗುತ್ತೆ ಅಂತ ಇಲ್ಲ.

ಇನ್ನೊಂದು ರಿವಾಲ್ವರಿನ ಕಥೆ ಇದಕ್ಕಿಂತ ನಮಗೆ ಹತ್ತಿರ. ಯಾಕೆ ಅಂದ್ರೆ ಅದನ್ನ ಕೊಂಡವನು ಕೆಟ್ಟವನಲ್ಲ, ಹೆದರಿದ ಮುದುಕ. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಅನ್ನೋ ಬಡಾವಣೆಯಲ್ಲಿ ದೊಡ್ಡ ಗಲಭೆ ಆಯ್ತು. ಆ ಸಮಯದಲ್ಲಿ ಆ ಕಡೆಯ ವಯಸ್ಸಾದ ಒಬ್ಬರು ಮನೆ ಕಾಯೋಕೆ ಅಂತ ಐವರ್ ಜಾನ್ಸನ್ ಕಂಪನಿಯ ಸಣ್ಣ ರಿವಾಲ್ವರು ತಗೊಂಡ್ರು, ಪಾಯಿಂಟ್ ಇಪ್ಪತ್ತೆರಡು, ಎಂಟು ಗುಂಡಿಂದು. 31 ಡಾಲರ್ 95 ಸೆಂಟ್ಸು ಕೊಟ್ಟಿದ್ರು. ಗಲಭೆ ಅವರ ಮನೆ ಹತ್ತಿರಕ್ಕೂ ಬರಲಿಲ್ಲ. ಕೋವಿ ಪೆಟ್ಟಿಗೆ ಸೇರ್ತು. ಸ್ವಲ್ಪ ಕಾಲ ಆದಮೇಲೆ ಮಗಳಿಗೆ ಕೊಟ್ರು. ಮಗಳಿಗೆ ಮನೇಲಿ ಇಟ್ಕೊಳೋಕೆ ಇಷ್ಟ ಇಲ್ಲ, ಪಕ್ಕದ ಮನೆ ಹುಡುಗನಿಗೆ ಕೊಟ್ಟಳು. ಅವನಿಗೆ ಕಾಸು ಬೇಕಿತ್ತು, 1968ರ ಶುರುವಿನಲ್ಲಿ 25 ಡಾಲರಿಗೆ ಇನ್ನೊಬ್ಬನಿಗೆ ಮಾರಿದ. ಕೊಂಡವನ ಅಣ್ಣನೇ ಸಿರ್ಹಾನ್. ಜೂನ್ ತಿಂಗಳಲ್ಲಿ ಆಂಬಾಸಿಡರ್ ಹೋಟೆಲಿನ ಅಡುಗೆಮನೆ ಓಣಿಯಲ್ಲಿ ರಾಬರ್ಟ್ ಕೆನಡಿಗೆ, ಅಂದ್ರೆ ಸತ್ತ ಅಧ್ಯಕ್ಷರ ತಮ್ಮನಿಗೆ, ಗುಂಡು ಹೊಡೆದದ್ದು ಆ ರಿವಾಲ್ವರಿನಲ್ಲಿ.

ಮುದುಕಪ್ಪ, ಮಗಳು, ಪಕ್ಕದ ಮನೆ ಹುಡುಗ, ತಮ್ಮ, ಅಣ್ಣ. ಮೂರು ವರ್ಷದಲ್ಲಿ ಐದು ಕೈ. ನಮ್ಮ ಊರಿನಲ್ಲಿ ಔಷಧಿ ಹೊಡೆಯೋ ಪಂಪು ಹೀಗೇ ಮನೆಯಿಂದ ಮನೆಗೆ ಹೋಗುತ್ತೆ, ಕೊನೆಗೆ ಯಾರದ್ದು ಅಂತ ಯಾರಿಗೂ ನೆನಪಿರಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಅಮೆರಿಕದವರು ಕಾನೂನು ಮಾಡಿದ್ರು. ಅಂಚೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಜನಸಾಮಾನ್ಯರಿಗೆ ಕೋವಿ ಕಳಿಸೋ ಹಾಗಿಲ್ಲ, ಹೊರದೇಶದ ಸೈನ್ಯದ ಹಳೇ ಮಾಲು ತರಿಸೋ ಹಾಗಿಲ್ಲ. 29 ಡಾಲರಿನ ಕಾಲ ಅಲ್ಲಿಗೆ ಮುಗೀತು. ಆದ್ರೂ ಆ ದೇಶದಲ್ಲಿ ಈಗಲೂ ಹಳೇ ಕೋವಿ ಸಂತೆಯಲ್ಲಿ ಎಮ್ಮೆ ಮಾರಿದ ಹಾಗೆ ಮಾರ್ತಾರೆ, ಆ ಮಾತು ಬೇರೆ.

ನಮ್ಮ ದೇಶದಲ್ಲಿ ಅಂಥ ಕಾಲ ಬರಲೇ ಇಲ್ಲ. ಅದಕ್ಕೆ ಕಾರಣ 1857.

ದಂಗೆ ಎದ್ದ ವರ್ಷವೇ ಬ್ರಿಟಿಷರು ಆಯುಧ ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದ್ರೆ ಪರವಾನಗಿ ಬೇಕು ಅಂತ ಕಾನೂನು ತಂದ್ರು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಅನ್ನ, ಆಯುಧ ಅವರ ಮಾನ. ನವೆಂಬರಿನಲ್ಲಿ ದಂಡು ಬಂತು, ಊರು ಸುಟ್ಟರು, ಹಿಡಿದವರಲ್ಲಿ ಕೆಲವರನ್ನ ಗಲ್ಲಿಗೆ ಹಾಕಿದ್ರು. ಇದರ ಲಾವಣಿ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಇತ್ತು, ಮಗಳು ಗಟ್ಟಿಯಾಗಿ ಓದೋಳು, ನಾನು ಜಗುಲಿಯಲ್ಲಿ ಅಡಿಕೆ ಸುಲೀತಾ ಕೇಳ್ತಿದ್ದೆ. ಪುಸ್ತಕದಲ್ಲಿ ಅದನ್ನ ಸ್ವಾತಂತ್ರ್ಯ ಹೋರಾಟ ಅಂತ ಓದ್ತೀವಿ, ಸರಿಯೇ. ಆದ್ರೆ ಜಗಳ ಹುಟ್ಟಿದ್ದು ಕೋವಿ ಲೈಸೆನ್ಸಿನಿಂದ ಅನ್ನೋದನ್ನ ಮರೀತೀವಿ.

ಅತ್ತ ಕೊಡಗಿನ ಕಥೆ ಉಲ್ಟಾ. ಕೊಡವರು ನಂಬಿಕಸ್ತರು ಅಂತ 1861ರಲ್ಲಿ ಮಾರ್ಕ್ ಕಬ್ಬನ್ ಅವರಿಗೆ ಈ ಕಾನೂನಿನಿಂದ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಪೂಜೆ ಮಾಡೋದು ಎಲ್ಲರಿಗೂ ಗೊತ್ತು. ನಮ್ಮ ಕಡೆಯವರು ಕೆಲವರು 'ಕೊಡಗಿನಲ್ಲಿ ಲೈಸೆನ್ಸ್ ಬೇಡ, ಅಲ್ಲಿಂದ ತಂದದ್ದು' ಅಂತ ನಂಬಿಸೋಕೆ ನೋಡ್ತಾರೆ. ವಿನಾಯಿತಿ ಇರೋದು ಆ ಜನಕ್ಕೆ, ಕೋವಿಗೆ ಅಲ್ಲ. ಘಾಟಿ ಇಳಿದು ನಮ್ಮ ಕೈಗೆ ಬಂದರೆ ಅದು ನಮ್ಮ ಕಳ್ಳಕೋವಿ.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಇಡೀ ದೇಶಕ್ಕೆ ಶಸ್ತ್ರಾಸ್ತ್ರ ಕಾಯ್ದೆ ತಂದ. ಬಿಳಿಯರಿಗೆ ಲೈಸೆನ್ಸ್ ಬೇಡ, ನಮ್ಮವರಿಗೆ ಬೇಕು. ಜನಕ್ಕೆ ಎಷ್ಟು ಸಿಟ್ಟು ಇತ್ತು ಅಂದ್ರೆ, 1930ರ ಜನವರಿಯಲ್ಲಿ ಗಾಂಧೀಜಿ ವೈಸ್‌ರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಯಲ್ಲಿ ಉಪ್ಪಿನ ತೆರಿಗೆ, ಭೂಕಂದಾಯದ ಜೊತೆಗೆ ಆತ್ಮರಕ್ಷಣೆಗೆ ಕೋವಿ ಲೈಸೆನ್ಸ್ ಕೊಡಬೇಕು ಅನ್ನೋದೂ ಒಂದು. ಹೌದು ಮಾರಾಯ್ರೆ, ಅಹಿಂಸೆಯ ಗಾಂಧಿಯೇ.

ಇನ್ನೊಂದು ನಿಯಮ ಇದೆ, 'ಮಿಲ್ಟ್ರಿ ಮಾಲು' ಅನ್ನೋ ಮಾತಿಗೆ ಇದೇ ಉತ್ತರ. ಸೈನ್ಯದ ಅಳತೆಯ ಗುಂಡು ಜನರ ಕೋವಿಗೆ ಹೊಂದಬಾರದು, ಹೊಂದಿದರೆ ದಂಡಿನ ಗೋದಾಮಿನಿಂದ ತೋಟಾ ಕದ್ದು ದಂಡಿನ ಮೇಲೇ ಹೊಡೀತಾರೆ ಅಂತ ಬ್ರಿಟಿಷರ ಭಯ. ಅದಕ್ಕೆ 1907ರಲ್ಲಿ ಭಾರತಕ್ಕೆ ಪಾಯಿಂಟ್ ನಾನ್ನೂರ ಐವತ್ತರ ರೈಫಲ್ಲು ತರೋದನ್ನ ನಿಲ್ಲಿಸಿದ್ರು. ಹುಲಿ ಆನೆ ಹೊಡೆಯೋ ದೊರೆಗಳಿಗೇ ಪೇಚಾಯ್ತು. ಇಂಗ್ಲೆಂಡಿನ ಕೋವಿ ಕಂಪನಿಗಳು ನಾನ್ನೂರ ಎಪ್ಪತ್ತು ಅಂತ ಹೊಸ ಅಳತೆಯನ್ನೇ ಹುಟ್ಟಿಸಬೇಕಾಯ್ತು. ಆ ಭಯ ಸ್ವಾತಂತ್ರ್ಯ ಬಂದಮೇಲೂ ಹೋಗಲಿಲ್ಲ. ಇವತ್ತಿಗೂ ಮೂವತ್ತೆಂಟರ ರಿವಾಲ್ವರು, ನಾನ್ನೂರ ಐವತ್ತೈದರ ರಿವಾಲ್ವರು, 9 ಎಂಎಂ ಪಿಸ್ತೂಲು, ತ್ರೀ ನಾಟ್ ತ್ರೀ ರೈಫಲ್ಲು ಎಲ್ಲ ನಿಷೇಧಿತ ಅಳತೆ. ಜಿಲ್ಲಾಧಿಕಾರಿ ಕೂಡ ಅದಕ್ಕೆ ಲೈಸೆನ್ಸ್ ಕೊಡೋ ಹಾಗಿಲ್ಲ. ಜನಸಾಮಾನ್ಯರಿಗೆ ಸಿಗೋ ರಿವಾಲ್ವರು ಮುಖ್ಯವಾಗಿ ಮೂವತ್ತೆರಡರದ್ದು. ಆದ್ದರಿಂದ ಯಾರಾದ್ರೂ ನಿಜವಾಗಿ ಮಿಲ್ಟ್ರಿ ರಿವಾಲ್ವರು ತೋರಿಸಿದರೆ, ಅದು ನಿಜ ಆದಷ್ಟೂ ಅಪಾಯ ಜಾಸ್ತಿ.

ಹಳೇ ರಿವಾಲ್ವರು ನಂಬಿ ಕೆಟ್ಟ ಒಂದು ಪ್ರಸಂಗ ನಮ್ಮ ದೇಶದ ಚರಿತ್ರೆಯಲ್ಲೇ ಇದೆ, ಅದು ಕೆಟ್ಟದ್ದು ದೇಶದ ಪುಣ್ಯ, ಹತ್ತು ದಿನ ಮಾತ್ರದ ಪುಣ್ಯ. 1948ರ ಜನವರಿ 20ರಂದು ಗಾಂಧೀಜಿಯನ್ನ ಕೊಲ್ಲೋಕೆ ದೆಹಲಿಯಲ್ಲಿ ಸೇರಿದ್ದ ಗುಂಪಿನ ಹತ್ರ ಎಲ್ಲಿಂದಲೋ ಹೊಂದಿಸಿದ ಎರಡು ರಿವಾಲ್ವರು ಇದ್ದವು. ಬೆಳಿಗ್ಗೆ ಕಾಡಿನಂಥ ಜಾಗಕ್ಕೆ ಹೋಗಿ ಪರೀಕ್ಷೆ ಮಾಡಿದ್ರು. ಒಂದರ ಉರುಳೆ ಸರಿಯಾಗಿ ಕೆಲಸ ಮಾಡಲಿಲ್ಲ. ಇನ್ನೊಂದರ ಗುಂಡು ಗುರಿ ಮುಟ್ಟದೆ ಮಧ್ಯದಲ್ಲೇ ಬಿತ್ತು. ಮಾಫಿ ಸಾಕ್ಷಿ ಕೋರ್ಟಿನಲ್ಲಿ ಹೇಳಿದ್ದು ಇದು. ಆ ದಿನದ ಪ್ರಯತ್ನ ಕೆಟ್ಟಿತು. ಆಮೇಲೆ ಗೋಡ್ಸೆ ಗ್ವಾಲಿಯರಿಗೆ ಹೋಗಿ ಇಟಲಿಯ ಬೆರೆಟ್ಟಾ ಪಿಸ್ತೂಲು ಸಂಪಾದಿಸಿದ, ಅದೂ ಕೈಯಿಂದ ಕೈಗೆ ಬಂದದ್ದೇ. ಜನವರಿ 30ರ ವಿಷಯ ಹೇಳಬೇಕಾಗಿಲ್ಲ.

ಈಗ ಚಾಲ್ತಿ ಇರೋದು 1959ರ ಕಾಯ್ದೆ, 1962ರ ಅಕ್ಟೋಬರಿನಿಂದ ಜಾರಿ. ಅದರ 13ನೇ ಕಲಮು ರೈತರು ಓದಬೇಕು. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿ, ಅಂದ್ರೆ ನಮ್ಮ ಕೇಪಿನ ಕೋವಿ, ಮತ್ತೆ ರಕ್ಷಣೆಗೆ ಇಪ್ಪತ್ತು ಇಂಚಿಗೆ ಕಮ್ಮಿ ಇಲ್ಲದ ನುಣುಪು ನಳಿಗೆಯ ತೋಟಾ ಕೋವಿ, ಇವಕ್ಕೆ ಅರ್ಜಿ ಹಾಕಿದರೆ, ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಅಂತಲೇ ಬರೆದಿದೆ. ರಿವಾಲ್ವರಿಗೆ ಹಾಗಲ್ಲ. ನಿನಗೆ ಯಾಕೆ ಬೇಕು ಅನ್ನೋದಕ್ಕೆ ಅಧಿಕಾರಿಗೆ ಒಪ್ಪಿಗೆ ಆಗೋ ಕಾರಣ ತೋರಿಸಬೇಕು. ಕಾನೂನಿನಲ್ಲೇ ರೈತನ ಕೋವಿ ಬೇರೆ, ರಿವಾಲ್ವರು ಬೇರೆ. (ಕೇಪಿನ ಕೋವಿಗೂ ನಮ್ಮ ತಾಲ್ಲೂಕಿನಲ್ಲಿ ಎಷ್ಟು ವರ್ಷ ಓಡಾಡಿಸ್ತಾರೆ ಅಂತ ಓಡಾಡಿದವರಿಗೆ ಗೊತ್ತು. ಅದರ ಬಗ್ಗೆ ಇನ್ನೊಂದು ದಿನ. ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೀಬಹುದು ಅಂತಲೂ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆ ಕೂತಿದೆ.)

ಈಗ ರೇಟಿನ ವಿಚಾರ. 1980ರ ದಶಕದ ಮಧ್ಯದಿಂದ ಹೊರದೇಶದ ಕೋವಿ ಜನಸಾಮಾನ್ಯರಿಗೆ ತರಿಸೋದು ನಿಂತೇ ಹೋಯ್ತು. ಹಾಗಾಗಿ ಅದಕ್ಕೆ ಮುಂಚೆ ಬಂದ ವೆಬ್ಲಿ ಸ್ಕಾಟಿನ ಮೂವತ್ತೆರಡು ಏನಿದೆಯೋ ಅಷ್ಟೇ ದೇಶದಲ್ಲಿ ಸುತ್ತುತ್ತಾ ಇರೋದು. ಹಳೇದಾದಷ್ಟೂ ರೇಟು ಏರುತ್ತೆ, ಟ್ರ್ಯಾಕ್ಟರಿನ ಥರ ಇಳಿಯಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ ಅದೇ ವೆಬ್ಲಿ ನಮೂನೆ ಇಟ್ಟುಕೊಂಡು ಮೂವತ್ತೆರಡರ ರಿವಾಲ್ವರು ಮಾಡುತ್ತೆ. 2014ರಲ್ಲಿ ಹೆಣ್ಣುಮಕ್ಕಳ ಕೈಚೀಲಕ್ಕೆ ಆಗಲಿ ಅಂತ ನಿರ್ಭೀಕ್ ಅನ್ನೋ ಅರ್ಧ ಕೆಜಿಯ ರಿವಾಲ್ವರು ಬಿಟ್ಟರು, ಆಗಲೇ ಅದರ ಬೆಲೆ 1,22,360 ರೂಪಾಯಿ. ವೆಬ್ಲಿ ಕಂಪನಿಯೂ 2020ರಿಂದ ಉತ್ತರ ಪ್ರದೇಶದ ಸಂಡೀಲಾದಲ್ಲಿ ಮೂವತ್ತೆರಡರದ್ದು ಮಾಡ್ತಾ ಇದೆ. ಅದೂ ಲಕ್ಷದ ಮೇಲೇ.

ಸರ್ಕಾರಿ ಕಾರ್ಖಾನೆಯ ಹೊಸದಕ್ಕೇ ಲಕ್ಷದ ಮೇಲೆ ಇರುವಾಗ, ಫಾರಿನ್ನಿನ ಹಳೇದಕ್ಕೆ ಅದಕ್ಕಿಂತ ಜಾಸ್ತಿ ಇರುವಾಗ, ನಮ್ಮ ಸಂತೆಗೆ ಇಪ್ಪತ್ತೈದು ಸಾವಿರಕ್ಕೆ ಬರೋದು ಏನು? ಯೋಚನೆ ಮಾಡಿ. ಕದ್ದದ್ದು ಇರಬೇಕು, ಅಥವಾ ಯಾರೋ ಸತ್ತವರ ಪೆಟ್ಟಿಗೆಯಿಂದ ಲೈಸೆನ್ಸ್ ಇಲ್ಲದೆ ಹೊರಬಂದದ್ದು ಇರಬೇಕು, ಅಥವಾ ಎಲ್ಲೋ ಗ್ಯಾರೇಜಿನಲ್ಲಿ ಮಾಡಿ ಮೇಲೆ ಇಂಗ್ಲಿಷ್ ಅಕ್ಷರ ಕೆತ್ತಿದ್ದು ಇರಬೇಕು. ಮೂರನೆಯದ್ದೇ ಜಾಸ್ತಿ. ಕಂಪನಿ ನಳಿಗೆಯನ್ನ ತಕ್ಕ ಉಕ್ಕಿನಲ್ಲಿ ಕೊರೆದು, ಜಾಸ್ತಿ ಮದ್ದಿನ ತೋಟಾ ಹೊಡೆದು ಪರೀಕ್ಷೆ ಮಾಡಿ ಮುದ್ರೆ ಒತ್ತಿರ್ತಾರೆ. ಕಳ್ಳ ಮಾಲಿಗೆ ಕೈಗೆ ಸಿಕ್ಕ ಕಬ್ಬಿಣದ ಪೈಪು. ತೋಟಾದೊಳಗಿನ ಮದ್ದಿನ ಒತ್ತಡ ಅದು ತಡೆಯಲ್ಲ. ಎಷ್ಟನೇ ಗುಂಡಿಗೆ ಒಡೆಯುತ್ತೆ ಅನ್ನೋದಷ್ಟೇ ಪ್ರಶ್ನೆ, ಒಡೆದಾಗ ಹಿಡಿದವನ ಬೆರಳು ಹೋಗುತ್ತೆ.

ಸರಿಯಾದ ಹಳೇ ರಿವಾಲ್ವರಿಗೂ ಸವೆತ ಇರುತ್ತೆ. ಲೈಸೆನ್ಸ್ ಇದ್ದು ಅಂಗಡಿಯಲ್ಲಿ ಹಳೇದು ನೋಡುವವರಿಗೆ ಹೇಳ್ತೀನಿ: ತೋಟಾ ಇಲ್ಲ ಅಂತ ಎರಡು ಸಲ ಖಾತ್ರಿ ಮಾಡ್ಕೊಂಡು ಕುದುರೆ ಎಳೆದು ಹಿಡಿದು ಉರುಳೆಯನ್ನ ಬೆರಳಿನಿಂದ ಅಲ್ಲಾಡಿಸಿ. ಗಟ್ಟಿ ನಿಲ್ಲಬೇಕು. ಲೊಡಲೊಡ ಅಂದ್ರೆ ಮನೆ ಮತ್ತು ನಳಿಗೆ ನೇರಕ್ಕೆ ಬರಲ್ಲ, ಗುಂಡು ನಳಿಗೆಯ ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಬಂತು ಅದು. ಆರು ಮನೆಯನ್ನೂ ಒಂದೊಂದಾಗಿ ನೋಡಿ, ಐದು ಸರಿ ಇದ್ದು ಒಂದು ಕೆಟ್ಟಿರೋದು ಉಂಟು. ವೆಬ್ಲಿ ಥರ ಮಡಚೋದಾದ್ರೆ ನಡುವಿನ ಬಿಜಾಗರಿ ಸಡಿಲ ಆಗಿದೆಯಾ ನೋಡಿ. ಲೈಸೆನ್ಸ್ ಪುಸ್ತಕದ ನಂಬರು, ಕೋವಿ ಮೇಲಿನ ನಂಬರು ಅಕ್ಷರ ಅಕ್ಷರ ತಾಳೆ ಆಗಬೇಕು.

ಕಾನೂನಿನ ಪೆಟ್ಟು ಎಷ್ಟು ಅಂತಲೂ ತಿಳ್ಕೊಳ್ಳಿ. 2019ರ ತಿದ್ದುಪಡಿಯಲ್ಲಿ ಎಲ್ಲ ಏರಿಸಿದಾರೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ 2 ವರ್ಷ, 5 ವರ್ಷದವರೆಗೂ ಆಗಬಹುದು, ಜೊತೆಗೆ ದಂಡ. ಅದು ನಿಷೇಧಿತ ಅಳತೆಯದ್ದಾಗಿದ್ದರೆ 7ರಿಂದ 14 ವರ್ಷ. ಮಾರಿದವನಿಗೆ ಕನಿಷ್ಠ 7, ಜೀವಾವಧಿವರೆಗೂ ಹೋಗುತ್ತೆ. ಮಾರಿದವನು ಸಿಕ್ಕಿಬಿದ್ದ ದಿನ ಮೊದಲು ಬಾಯಿಬಿಡೋದು ಕೊಂಡವರ ಹೆಸರನ್ನ. ಅಡಿಕೆ ಕದ್ದವನಿಗಿಂತ ಅಡಿಕೆ ಕಾಯೋಕೆ ಹೋದವನಿಗೆ ಜಾಸ್ತಿ ವರ್ಷ ಬೀಳುತ್ತೆ.

ಅಟ್ಟದ ಮೇಲೆ ಅಜ್ಜನ ಕೋವಿ ಇದೆ, ಅಜ್ಜ ಹೋಗಿ ಹತ್ತು ವರ್ಷ ಆಯ್ತು, ಏನು ಮಾಡೋದು ಅಂತ ಇಬ್ಬರು ಗುಟ್ಟಾಗಿ ಕೇಳಿದಾರೆ. ಗುಟ್ಟು ಮಾಡಿದಷ್ಟೂ ಕಷ್ಟ. ಲೈಸೆನ್ಸುದಾರ ತೀರಿಕೊಂಡರೆ ಅಥವಾ ಲೈಸೆನ್ಸ್ ಮುಗಿದರೆ ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರೋ ಕೋವಿ ಅಂಗಡಿಗೋ ಠೇವಣಿ ಇಡಬೇಕು, ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಈಗಾಗಲೇ ತಡ ಆಗಿದ್ದರೆ ಕೋವಿ ಹೆಗಲಿಗೆ ಹಾಕ್ಕೊಂಡು ನೇರ ಹೋಗಬೇಡಿ, ಮೊದಲು ಒಬ್ಬ ವಕೀಲರನ್ನ ಕಂಡು ಬರೆದುಕೊಂಡು ಹೋಗಿ. ಲೈಸೆನ್ಸುದಾರರು ಬದುಕಿರುವಾಗಲೇ ಮಕ್ಕಳಿಗೆ ಮಾಡಿಸೋದು ಇನ್ನೂ ಸುಲಭ: 2016ರ ನಿಯಮದಂತೆ 70 ವರ್ಷ ಆದವರು, ಅಥವಾ ಆ ಕೋವಿಯನ್ನ 25 ವರ್ಷ ಇಟ್ಟುಕೊಂಡವರು ವಾರಸುದಾರರ ಹೆಸರಿಗೆ ವರ್ಗ ಮಾಡಿಸೋಕೆ ಅವಕಾಶ ಇದೆ. ನಮ್ಮಲ್ಲಿ ಎಪ್ಪತ್ತು ದಾಟಿದ ಲೈಸೆನ್ಸುದಾರರು ಬಹಳ ಜನ ಇದಾರೆ, ಚುನಾವಣೆ ಬಂದಾಗ ಠಾಣೆಗೆ ಕೋವಿ ಹೊತ್ತುಕೊಂಡು ಹೋಗೋಕೇ ಅವರಿಗೆ ಆಗಲ್ಲ.

ಕಮ್ಮಿ ರೇಟಿಗೆ ಹಳೇ ಕೋವಿ ನ್ಯಾಯವಾಗಿ ಸಿಗೋದೇ ಇಲ್ಲ ಅಂತಲ್ಲ. ತೋಟಾ ಕೋವಿ ಸಿಗುತ್ತೆ, ರಿವಾಲ್ವರು ಅಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಕೋವಿ ನೋಡ್ಕೊಳೋರು ಇಲ್ಲದ ಮನೆಗಳು ಹೆಚ್ಚಾಗಿರೋದರಿಂದ ಜೋಡಿ ನಳಿಗೆಯವನ್ನ ಬಂದಷ್ಟಕ್ಕೆ ಕೊಡೋರು ಇದಾರೆ. ಕೊಳ್ಳುವವರ ಹತ್ರ ಆ ಥರದ ಕೋವಿಗೆ ಲೈಸೆನ್ಸ್ ಮೊದಲೇ ಇರಬೇಕು. ಮಾರುವವರು ಯಾರಿಗೆ ಮಾರ್ತಾ ಇದೀನಿ ಅಂತ ಹೆಸರು ವಿಳಾಸ ಸಮೇತ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ಕೊಡಬೇಕು. ಕೊಟ್ಟ ದಿನದಿಂದ 45 ದಿನ ಕಳೆಯೋವರೆಗೂ ಕೋವಿ ಕೈ ಬದಲಾಗೋ ಹಾಗಿಲ್ಲ. ಅರ್ಜಿಗೆ ಹಿಂಬರಹ, ಮುದ್ರೆ, ತಾರೀಖು ಹಾಕಿಸ್ಕೊಳ್ಳೋದನ್ನ ಮರೀಬೇಡಿ, ಇಲ್ಲದಿದ್ದರೆ ಕೊಟ್ಟೇ ಇಲ್ಲ ಅಂತಾರೆ.

ನಮ್ಮ ಪಕ್ಕದೂರಿನ ಹಿರಿಯರೊಬ್ಬರು ತಮ್ಮ ಜೋಡಿ ನಳಿಗೆಯನ್ನ ಹೀಗೇ ಮಾರ್ತಾ ಇದಾರೆ. ಹದಿನೆಂಟು ಸಾವಿರಕ್ಕೆ ಮಾತಾಗಿದೆ, ಮುಂಗಡ ಕೂಡ ತಗೊಂಡಿಲ್ಲ. ಠಾಣೆಗೆ ಬರೆದು ಕೊಟ್ಟು ಇವತ್ತಿಗೆ ಮೂವತ್ತೊಂದು ದಿನ.